ಉಡಿದಾರದ ಕೀಲಿಕೈ

ಓದುಗ ಮಹನೀಯರ ಅವಗಾಹನೆಗೆ ವಿನಯಪೂರ್ವಕವಾಗಿ ತರುವುದೇನೆಂದರೆ, ಹೋದ ತಿಂಗಳು ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ನನ್ನ ಉಡಿದಾರ ಹರಿಯಿತು. ಇದು ಮಹನೀಯರ ತನಕ ಒಯ್ಯತಕ್ಕ ಸಂಗತಿಯಲ್ಲವೆಂಬುದು ನನಗೂ ತಿಳಿದಿದೆ. ಆದರೆ ಸದರಿ ದಾರದಲ್ಲಿ ಒಂದು ಕಬ್ಬಿಣದ ಕೀಲಿಕೈ ಇತ್ತು. ಅದು ಬಚ್ಚಲ ಕಲ್ಲಿನ ಮೇಲೆ ಬಿದ್ದು ಸದ್ದು ಮಾಡಿತು. ಅದನ್ನು ಎತ್ತಿಕೊಳ್ಳಲು ಮರೆತು ಹೊರಗೆ ಬಂದೆ. ಬಟ್ಟೆ ಒಗೆಯಲು ಒಳಗೆ ಹೋದ ಗಂಗವ್ವ ಅದನ್ನು ಎತ್ತಿಕೊಂಡು ಬಂದಳು. ಗಂಗವ್ವ ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡ ಮೇಲೆ, ಒಬ್ಬನೇ ಇರುವ ನನ್ನನ್ನು ನೋಡಿಕೊಂಡು ಹೋಗಲೆಂದು ಕೆಲವು ದಿನಗಳ ಮಟ್ಟಿಗೆ ಕುಷ್ಟಗಿಗೆ ಬಂದಿದ್ದಳು.

"ಮಾವ, ಇದು ಯಾವ ಕೀಲೀದು?"

"ಹಳೇ ಟ್ರಂಕಿನದು."

ಅವಳು ನನ್ನ ಒಂದು ಕೋಣೆಯ ಮನೆಯನ್ನು ಸುತ್ತ ನೋಡಿದಳು. "ಟ್ರಂಕು ಎಲ್ಲೈತಿ?"

"ಅದು ಇನ್ನೂ ಹಳೇದು," ಎಂದೆ.

ಗಂಗವ್ವ ನಕ್ಕು ಕೀಲಿಕೈಯನ್ನು ಗೂಡಿನಲ್ಲಿಟ್ಟು ಹೋದಳು. ನನಗೆ ಮಾತ್ರ ಅದು ಅಷ್ಟಕ್ಕೆ ಮುಗಿಯಲಿಲ್ಲ. ತಹಸೀಲು ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವುದರಲ್ಲಿ ಜೀವಮಾನ ಕಳೆದವನು ನಾನು. ಹೊಲ ಕಳೆದುಕೊಂಡವರ, ದನ ಕಳೆದುಕೊಂಡವರ, ಗಂಡ ಬಿಟ್ಟವರ ಅಹವಾಲುಗಳನ್ನು ಬರೆದಿದ್ದೇನೆ. ನನ್ನ ಅಹವಾಲನ್ನು ಯಾರ ಹುಜೂರಿಗೆ ಬರೆಯಬೇಕೆಂಬುದು ತಿಳಿಯದೆ ಇಷ್ಟು ವರ್ಷ ಬರೆಯಲಿಲ್ಲ. ಈಗ ತಮಗೆ ಬರೆಯುತ್ತಿದ್ದೇನೆ. ಅರ್ಜಿಯ ವಾಸನೆ ಬಂದರೆ ಮನ್ನಿಸಬೇಕು; ಬೇರೆ ಬಗೆಯಾಗಿ ಬರೆದು ನನಗೆ ರೂಢಿಯಿಲ್ಲ.

ಸದರಿ ಕೀಲಿಕೈಗೆ ಕೀಲಿಯಿಲ್ಲ. ಎಂದೂ ಇರಲಿಲ್ಲ. ನನಗೆ ಮೂರ್ಛೆರೋಗವೆಂದು ಗೊತ್ತಾದ ವರ್ಷ ಅವ್ವ ಅದನ್ನು ಸಂತೆಯಲ್ಲಿ ಹಳೆಯ ಕಬ್ಬಿಣದವನ ಹತ್ತಿರ ಕೊಂಡು ನನ್ನ ಉಡಿದಾರಕ್ಕೆ ಕಟ್ಟಿದಳು. ಎಲ್ಲಿ ಬಿದ್ದರೂ, ಯಾರೇ ಕಂಡರೂ, ಕೈಯಲ್ಲಿ ಕಬ್ಬಿಣ ಹಿಡಿಸಲಿ ಎಂಬುದು ಅವಳ ಏರ್ಪಾಡು. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಕೈಗೆ ಕಬ್ಬಿಣ, ಮೂಗಿಗೆ ಜಜ್ಜಿದ ಉಳ್ಳಾಗಡ್ಡಿ. ಅದೂ ಸಿಗದಿದ್ದರೆ ಕಾಲಲ್ಲಿದ್ದ ಚಪ್ಪಲಿ. ಯಾರ ಯಾರ ಚಪ್ಪಲಿಯ ವಾಸನೆ ಹೇಗಿತ್ತೆಂದು ನನ್ನ ಹುಟ್ಟೂರು ಆನೆಗೊಂದಿಯಲ್ಲಿ ನನ್ನಷ್ಟು ಬಲ್ಲವರು ಇರಲಿಕ್ಕಿಲ್ಲ.

ತಮಗೆ ಒಂದು ವಿಚಿತ್ರವನ್ನು ಹೇಳಬೇಕು. ನನ್ನ ರೋಗವನ್ನು ಊರಿನವರೆಲ್ಲ ನೋಡಿದ್ದಾರೆ, ನಾನೊಬ್ಬನೇ ನೋಡಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಎಲ್ಲಿಂದಲೋ ಬೆಲ್ಲ ಸೀದ ವಾಸನೆ ಬರುತ್ತಿತ್ತು. ಯಾರ ಮನೆಯಲ್ಲಿ ಪಾಕ ಸೀದಿತಪ್ಪಾ ಎಂದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಕಣ್ಣು ಬಿಟ್ಟರೆ ಮೇಲೆ ಮುಖಗಳು, ಬಾಯಲ್ಲಿ ರಕ್ತದ ರುಚಿ, ಅಂಗೈಯಲ್ಲಿ ಕೀಲಿಕೈ. ಆ ಮುಖಗಳನ್ನು ನೋಡಿಯೇ ನನಗೆ ಏನಾಗಿತ್ತೆಂದು ಊಹಿಸಬೇಕು. ನಗುವವರಿದ್ದರೆ ಸಣ್ಣದು, ಅವ್ವ ಅಳುತ್ತಿದ್ದರೆ ದೊಡ್ಡದು.

ನಮ್ಮದು ಅಂಬಿಗರ ಮನೆತನ. ನಿಜಾಮರ ಕಾಲದಲ್ಲಿ ತುಂಗಭದ್ರೆಯ ಈಚೆ ದಂಡೆ ಒಂದು ರಾಜ್ಯ, ಆಚೆ ದಂಡೆ ಬ್ರಿಟಿಷರದು. ಎರಡು ಸರಕಾರಗಳ ನಡುವೆ ಅಪ್ಪನ ಹರಿಗೋಲು ಓಡಾಡುತ್ತಿತ್ತು. ಬಿದಿರಿನ ಬುಟ್ಟಿ, ಅದಕ್ಕೆ ಹೊದಿಸಿದ ಎಮ್ಮೆಯ ತೊಗಲು, ತೊಗಲಿಗೆ ಉಜ್ಜಿದ ಔಡಲೆಣ್ಣೆ. ಬಿಸಿಲಿಗೆ ಆ ಮೂರೂ ಸೇರಿ ಏಳುವ ವಾಸನೆ ಬೇರೆಯವರಿಗೆ ನಾರುತ್ತಿತ್ತು. ನಮಗೆ ಅದು ಮನೆಯ ವಾಸನೆ.

ರೋಗ ಬರುವುದಕ್ಕಿಂತ ಮುಂಚೆ ನಾನು ಚೆನ್ನಾಗಿ ಈಜುತ್ತಿದ್ದೆ. ಅಪ್ಪ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಕಲಿಸಿದ್ದ. ಬೇಸಗೆಯಲ್ಲಿ ನಡುಹೊಳೆಯ ದೊಡ್ಡ ಬಂಡೆಯನ್ನು ಮುಟ್ಟಿ ಬರುವ ಪಂದ್ಯದಲ್ಲಿ ನನ್ನನ್ನು ಸೋಲಿಸುವವರು ಕಡಿಮೆಯಿದ್ದರು. ಆಮೇಲೆ ಅದೂ ನಿಂತಿತು. ಹೊಳೆಯಲ್ಲಿ ಮೈ ತೊಳೆಯುವಾಗ ಕೂಡ ಅವ್ವ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ನನ್ನ ಉಡಿದಾರವನ್ನು ಹಿಡಿದುಕೊಂಡೇ ನಿಂತಿರುತ್ತಿದ್ದಳು. ಮೀಸೆ ಮೊಳೆಯುತ್ತಿದ್ದ ನನಗೆ ಸಾಯುವಷ್ಟು ನಾಚಿಕೆ. ಬಂಡೆಯ ಮೇಲಿನಿಂದ ಗೆಳೆಯರು ಕೂಗುತ್ತಿದ್ದರು: "ಏನಲೇ, ನಿಮ್ಮವ್ವ ಇವತ್ತರ ಹಗ್ಗ ಬಿಚ್ಯಾಳೇನು?"

ಅವ್ವ ಅವರಿಗೇ ಕೂಗಿ ಹೇಳುತ್ತಿದ್ದಳು: "ನಿಮ್ಮವ್ವಗಳಿಗೆ ಹಗ್ಗ ಸಿಕ್ಕಿಲ್ಲ, ಅದಕ್ಕ ನಿಮ್ಮನ್ನ ಹಂಗ ಬಿಟ್ಟಾರ."

ನನಗೆ ಇಪ್ಪತ್ತರ ಆಸುಪಾಸಿನಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂತು. ದಡದ ಕಲ್ಲುಗಳು ಕಾಣದಾದವು. ದಾಟಿಸುವ ಹಕ್ಕಿಗೆ ಗಂಗಾವತಿ ತಹಸೀಲಿನಿಂದ ಪರವಾನಗಿ ಆಗಬೇಕಿತ್ತು. ಮನೆಯಲ್ಲಿ ಹುಟ್ಟು ಹಾಕುವ ಗಂಡಸು ಇಲ್ಲವೆಂದರೆ ಅದು ಬೇರೆಯವರ ಪಾಲಾಗುತ್ತಿತ್ತು. ಅಪ್ಪನಿಗೆ ನಾನೊಬ್ಬನೇ ಮಗ. ನನಗಾದರೋ ಬೇರೆ ಯಾವ ಆಸೆಯೂ ಇರಲಿಲ್ಲ. ಲಗ್ನದ ಮಾತು ಎರಡು ಕಡೆ ಮುರಿದಿತ್ತು. ಹುಟ್ಟು ಕೈಗೆ ಬಂದರೆ ನಾನೂ ಹತ್ತು ಜನರ ಹಾಗೆ ಒಬ್ಬ ಮನುಷ್ಯನಾಗುತ್ತೇನೆ ಎಂದುಕೊಂಡಿದ್ದೆ.

ಕಚೇರಿಯಲ್ಲಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಭುಜಗಳು ಗಟ್ಟಿಯಾಗಿದ್ದವು. "ಈಸಾಕ ಬರ್ತೈತೇನು?" ಎಂದು ಕೇಳಿದರು. "ಬರ್ತೈತ್ರಿ ಸಾಹೇಬರ," ಎಂದೆ. ಅದು ನಿಜವೇ ಆಗಿತ್ತು. ರೋಗರುಜಿನದ ಮಾತನ್ನು ಅವರು ಕೇಳಲಿಲ್ಲ. ಪರವಾನಗಿ ಮಂಜೂರಾಯಿತು. ಚಕ್ಕಡಿಯಲ್ಲಿ ತಿರುಗಿ ಬರುವಾಗ ನಾನು ಹಾಡಿಕೊಳ್ಳುತ್ತ ಬಂದೆ. ಅಪ್ಪ ಒಂದೇ ಮಾತು ಆಡಿದ: "ಕಚೇರಿಯವರು ಕೊಟ್ಟಾರ. ಹೊಳಿ ಇನ್ನೂ ಕೊಟ್ಟಿಲ್ಲ."

ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ನಮ್ಮವರಲ್ಲಿ ಒಂದು ಕಟ್ಟಳೆ. ಹೊಸಬನು ಹುಟ್ಟು ಹಿಡಿದ ದಿನ ಮೊದಲು ದಾಟಿಸಬೇಕಾದದ್ದು ಪರರನ್ನಲ್ಲ. ತನ್ನ ಮನೆಯವರನ್ನು, ಒಬ್ಬರನ್ನೂ ಬಿಡದೆ. ತನ್ನವರನ್ನು ಆಚೆಗೆ ಮುಟ್ಟಿಸಿ ಈಚೆಗೆ ತಂದವನ ಹರಿಗೋಲಿಗೆ ಮಾತ್ರ ಊರವರು ಕಾಲಿಡುತ್ತಿದ್ದರು. ಯಾವ ಕಚೇರಿಯ ಮೊಹರೂ ಇದಕ್ಕೆ ಸಾಟಿಯಲ್ಲ.

ಮಳೆಗಾಲ ಮುಗಿದು ನೀರು ತಿಳಿಯಾಗಿದ್ದ ಒಂದು ಮುಂಜಾನೆ. ದಂಡೆಯಲ್ಲಿ ಊರವರು ನಿಂತಿದ್ದರು. ಪಕ್ಕದ ಊರಿನಿಂದ ಅಕ್ಕ ಹನುಮವ್ವ ಗಂಡನೊಂದಿಗೆ ಬಂದಿದ್ದಳು. ಅವಳ ಕಂಕುಳಲ್ಲಿ ಗಂಗವ್ವ. ಆಗ ಇನ್ನೂ ಅಂಬೆಗಾಲಿಡುವ ಕೂಸು. ಅವ್ವ ಯಾರೂ ಕರೆಯುವ ಮುಂಚೆಯೇ ಹತ್ತಿ ಕೂತಳು. "ನೆಟ್ಟಗ ದಾಟಸು. ಇಲ್ಲಂದ್ರ ಕೂಲಿ ಕೊಡಂಗಿಲ್ಲ ನೋಡು," ಎಂದಳು. ದಂಡೆಯ ಮೇಲಿದ್ದವರು ನಕ್ಕರು. ಅಪ್ಪ ತೊಗಲಿನ ಅಂಚನ್ನು ಕೈಯಿಂದ ಸವರುತ್ತ ಹತ್ತಿ ನನ್ನೆದುರು ಕೂತ. ಭಾವನೂ ಕೂತ.

ಅಕ್ಕ ಅಂಚಿನ ಮೇಲೆ ಒಂದು ಕಾಲಿಟ್ಟಳು. ನನ್ನ ಮುಖ ನೋಡಿದಳು. ನಾನು ನಗುತ್ತಿದ್ದೆನೆಂದು ನೆನಪು. ಅವಳು ಇಟ್ಟ ಕಾಲನ್ನು ತೆಗೆದು ದಂಡೆಗೆ ಹಿಂತಿರುಗಿದಳು. ಕೂಸನ್ನು ಕಂಕುಳಿಂದ ಇಳಿಸಿ, ಅಲ್ಲಿ ನಿಂತಿದ್ದ ನೆರೆಮನೆಯ ಮುದುಕಿಯ ಕೈಗೆ ಕೊಟ್ಟಳು. ಆಮೇಲೆ ಬಂದು ತಾನು ಹತ್ತಿ ಕೂತಳು. ತಲೆ ಎತ್ತಲಿಲ್ಲ.

"ನಡಿ ತಮ್ಮಾ. ನಾ ಕುಂತೀನಿ."

ಮಹನೀಯರೇ, ಅಕ್ಕ ತನ್ನ ಜೀವವನ್ನು ನನ್ನ ಕೈಗೆ ಕೊಟ್ಟಿದ್ದಳು. ಕೂಸಿನದನ್ನು ಕೊಡಲಿಲ್ಲ. ಅದರಲ್ಲಿ ತಪ್ಪೇನಿದೆ? ಅವಳ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ನನಗೆ ಗಾಯವಾದದ್ದು ಆ ತಿಳಿವಿನಿಂದಲೇ. ಅಲ್ಲಿಯ ತನಕ ನನ್ನ ರೋಗವನ್ನು ನಾನು ನೋಡಿರಲಿಲ್ಲವೆಂದು ಮೇಲೆ ನಿವೇದಿಸಿದೆನಷ್ಟೆ, ಅಂದು ನೋಡಿದೆ. ದಂಡೆಯ ಮೇಲೆ ಪರರ ಕಂಕುಳಲ್ಲಿ ಕೂತು, ತಾಯಿಯ ಕಡೆಗೆ ಕೈ ಚಾಚಿ ಅಳುತ್ತಿತ್ತು.

ಹುಟ್ಟು ಹಾಕಿದೆ. ನೀರು ನನ್ನ ಮಾತು ಕೇಳಿತು. ಬೆಲ್ಲದ ವಾಸನೆ ಬರಲಿಲ್ಲ, ತಲೆ ತಿರುಗಲಿಲ್ಲ; ಏನೂ ಆಗಲಿಲ್ಲ. ಹರಿಗೋಲು ನಿಧಾನವಾಗಿ ಒಂದು ಸುತ್ತು ತಿರುಗಿತು. ನಾನು ಅದನ್ನು ಹೊರಟ ದಂಡೆಗೇ ತಂದು ನಿಲ್ಲಿಸಿ, ಹುಟ್ಟನ್ನು ಅಪ್ಪನ ಮೊಣಕಾಲುಗಳ ಮೇಲೆ ಅಡ್ಡ ಇಟ್ಟೆ.

"ಯಾಕೋ?" ಎಂದ ಅಪ್ಪ.

"ಕಾಲು ಒದ್ದಿ ಆಗ್ಯಾವು," ಎಂದೆ.

ಅಂಬಿಗರ ಮಗ ಹೇಳುವ ಮಾತೇ ಅದು? ನೆನೆಸಿಕೊಂಡರೆ ಈಗ ನನಗೇ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ. ಅಪ್ಪ ಹುಟ್ಟಿನ ಉದ್ದಕ್ಕೂ ಅಂಗೈ ಸವರಿದ. "ಇಳೀರಿ," ಎಂದ, ಅಷ್ಟೇ. ಪರವಾನಗಿಯನ್ನು ಭಾವನಿಗೆ ವರ್ಗ ಮಾಡಿಸಬೇಕೆಂದಾಗ ಅವನು ಬಹಳ ದಿನ ಒಪ್ಪಲಿಲ್ಲ. "ಅವನ ಹಕ್ಕಿನ ಮ್ಯಾಲ ನಾ ಹ್ಯಾಂಗ ಕೈ ಇಡ್ಲಿ," ಎನ್ನುತ್ತಿದ್ದ. ಕೊನೆಗೆ ಒಪ್ಪಿದ. ಅಕ್ಕನ ಸಂಸಾರ ಆನೆಗೊಂದಿಗೆ ಬಂತು. ನಾನು ಹೊರಟೆ.

ಮೊದಲು ಕೊಪ್ಪಳಕ್ಕೆ ಹೋದೆ. ಮೋಟಾರು ನಡೆಸುವುದನ್ನು ಕಲಿಯುವ ಹುಚ್ಚು. ಬಸ್ಸಿನ ಮಾಲೀಕ ಗಾಡಿ ತೊಳೆಯುವ ಕೆಲಸ ಕೊಟ್ಟ. ಒಂದು ದಿನ ಗಾಡಿಯ ಮಗ್ಗುಲಲ್ಲೇ ಬಿದ್ದೆ. ಎದ್ದಾಗ ಅವನು ನನ್ನ ಅಂಗೈಯ ಕೀಲಿಕೈಯನ್ನೇ ನೋಡುತ್ತ ನಿಂತಿದ್ದ. "ತಮ್ಮಾ, ಗಾಡಿ ಬಿದ್ರ ಹತ್ತು ಮಂದಿ ಎತ್ತತಾರ. ಗಾಡ್ಯಾಗಿನ ನೀ ಬಿದ್ರ ಗಾಡಿನ್ನ ಯಾರು ಹಿಡೀಬೇಕು?" ಎಂದ. ಕೆಟ್ಟ ಮನುಷ್ಯನಲ್ಲ, ಆ ರಾತ್ರಿಯ ಊಟ ಹಾಕಿಯೇ ಕಳಿಸಿದ. ಹತ್ತಿಯ ಗಿರಣಿಯಲ್ಲಿ ಯಂತ್ರದ ಹತ್ತಿರ ಬಿಡಲಿಲ್ಲ. ಮನೆ ಕಟ್ಟುವಲ್ಲಿ ಏಣಿ ಹತ್ತಗೊಡಲಿಲ್ಲ. ಒಂದು ಖಾನಾವಳಿಯಲ್ಲಿ ಒಲೆಯ ಮುಂದೆ ಕೂರಿಸಲಿಲ್ಲ. ಹೀಗೆ ಬೆಂಕಿ, ನೀರು, ಎತ್ತರ, ಗಾಲಿ ಎಲ್ಲವೂ ನನ್ನ ಪಾಲಿಗೆ ನಾಮಂಜೂರು. ಉಳಿದದ್ದು ನೆಲವೊಂದೇ.

ಆ ನೆಲವನ್ನು ತೋರಿಸಿದವರು ಕುಷ್ಟಗಿಯ ಮುನ್ಶಿ ಹುಸೇನಸಾಹೇಬರು. ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದರು. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಚಾಪೆಯ ಮೇಲೆ ಸ್ವಲ್ಪ ಸರಿದರು.

"ಕುಂದ್ರು. ಕುಂತಲ್ಲಿಂದ ಬಿದ್ರ ಎಷ್ಟು ದೂರ ಬೀಳ್ತಿ? ದೌತಿ ಅಷ್ಟ ಆ ಕಡೆ ಇಡು. ಮಸಿ ತುಟ್ಟಿ ಆಗೈತಿ."

ಅವರ ಮಗ್ಗುಲಲ್ಲಿ ಕೂತು ಅರ್ಜಿ ಬರೆಯುವುದನ್ನು ಕಲಿತವನು ಅವರು ತೀರಿಹೋದ ಮೇಲೂ ಅಲ್ಲಿಯೇ ಕೂತೆ. ಎಷ್ಟೋ ವರ್ಷಗಳ ನಂತರ ದವಾಖಾನೆಯ ಡಾಕ್ಟರು ಗುಳಿಗೆ ಕೊಟ್ಟರು. ಬೀಳುವುದು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಕಬ್ಬಿಣಕ್ಕೂ ಈ ಬೇನೆಗೂ ಸಂಬಂಧವಿಲ್ಲವೆಂದು ಅವರೇ ತಿಳಿಸಿ ಹೇಳಿದರು. ಕೀಲಿಕೈಯನ್ನು ಆದರೂ ತೆಗೆಯಲಿಲ್ಲ. ಅವ್ವ ಕಟ್ಟಿದ್ದು.

ಹೊಳೆಗೆ ನಾನು ತಿರುಗಿ ಹೋಗಲಿಲ್ಲ. ಅಪ್ಪ, ಅವ್ವ ತೀರಿದಾಗ ಮಣ್ಣಿಗೆ ಹೋಗಿ, ದಂಡೆಯ ಕಡೆ ಮುಖ ಮಾಡದೆ ಬಂದೆ. ಅಕ್ಕನೇ ವರ್ಷಕ್ಕೊಮ್ಮೆ ಬಾಳೆಗೊನೆ ಹೊತ್ತುಕೊಂಡು ಬರುತ್ತಿದ್ದಳು. ಜಗತ್ತಿನ ಮಾತನ್ನೆಲ್ಲ ಆಡುತ್ತಿದ್ದೆವು. ಆ ಮುಂಜಾನೆಯ ಮಾತೊಂದನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆಕೆ ಮರೆತಿದ್ದಾಳೆ ಎಂದುಕೊಂಡಿದ್ದೆ.

ಉಡಿದಾರ ಹರಿದ ದಿನ ಸಂಜೆ ಗಂಗವ್ವ ಮತ್ತೆ ಕೇಳಿದಳು. ಈ ಸಲ ಹೇಳಿದೆ, ಅವಳನ್ನು ದಂಡೆಯ ಮೇಲೆ ಬಿಟ್ಟದ್ದನ್ನೂ ಸೇರಿಸಿ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಅದಕ್ಕೇನು ಮಾವ," ಎಂದಳು ಮೆಲ್ಲಗೆ. "ಹೊಳಿ ದಂಡಿಮ್ಯಾಲ ಬೆಳದು ಹರಗೋಲ ಹತ್ತಲಾರದಾಕಿ ಅಂದ್ರ ಊರಾಗ ನಾ ಒಬ್ಬಾಕಿ. ನಮ್ಮಪ್ಪ ಹುಟ್ಟು ಹಿಡದ್ರೂ ಅವ್ವ ನನ್ನ ಕೂಡಸತಿರಲಿಲ್ಲ. ಓರಗಿಯವರು ಒಣಗಂಗಿ ಅಂತ ಕಾಡತಿದ್ರು. ಅತ್ತು ಕರದು ಕೇಳಿದೆ. ಏನಂದ್ಲು ಗೊತ್ತೇನು? 'ನನ್ನ ತಮ್ಮನ ಹರಗೋಲಕ್ಕ ನೀ ಹತ್ತಲಿಲ್ಲ. ಅವನದಕ್ಕ ಇಲ್ಲದ್ದು ಮತ್ತ್ಯಾರದಕ್ಕೂ ಇಲ್ಲ.' ನಿಂದು ಯಾವ ಹರಗೋಲ, ಎಂದಿನ ಮಾತು, ನನಗೇನು ತಿಳೀಬೇಕು. ಲಗ್ನ ಆಗಿ ಕನಕಗಿರಿಗೆ ಹೋದೆ. ಅಲ್ಲಿ ಹೊಳಿನ ಇಲ್ಲ. ಇವತ್ತಿಗೂ ಹತ್ತಿಲ್ಲ."

ಅಕ್ಕ ಮರೆತಿರಲಿಲ್ಲ. ನಾನು ನೀರಿನಿಂದ ದೂರ ಕೂತು ನನ್ನ ಪಾಲನ್ನು ಅನುಭವಿಸಿದಷ್ಟೇ ವರ್ಷ ಅವಳು ಹೊಳೆಯ ಎದುರಿನಲ್ಲಿಯೇ ಇದ್ದು, ತನ್ನ ಮಗಳ ಮೂಲಕ ತನ್ನ ಪಾಲನ್ನು ತೀರಿಸುತ್ತಿದ್ದಳು. ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ! ಅಥವಾ ನಾನೇ ಕೇಳಿದ್ದರೆ. ಊರ ಮಂದಿಯ ಅಹವಾಲನ್ನೆಲ್ಲ ಕೇಳಿ ಬರೆದವನು ಅಕ್ಕನದನ್ನು ಕೇಳದೆ ಹೋದೆ.

ಮುಂದಿನ ವಾರ ನಾವಿಬ್ಬರೂ ಆನೆಗೊಂದಿಗೆ ಹೋದೆವು. ಈಗಿನ ಹರಿಗೋಲಿಗೆ ತೊಗಲಿಲ್ಲ, ಡಾಂಬರು ಬಳಿದಿರುತ್ತಾರೆ. ಮನೆಯ ವಾಸನೆ ಇರಲಿಲ್ಲ. ಹುಟ್ಟು ಹಿಡಿದವನು ನಮ್ಮ ಗುರುತಿಲ್ಲದ ತರುಣ. "ಹತ್ರಿ ಅಜ್ಜಾರ, ಅಂಜಬ್ಯಾಡ್ರಿ," ಎಂದ. ನಾನು ಹತ್ತಿ ಕೂತೆ. ಮೊಮ್ಮಕ್ಕಳಿರುವ ವಯಸ್ಸಿನ ಗಂಗವ್ವ ದಂಡೆಯಲ್ಲಿಯೇ ನಿಂತಿದ್ದಳು.

"ಬಾರವ್ವಾ," ಎಂದೆ. "ನಾ ಕುಂತೀನಿ."

ಅವಳು ಬಂದು ನನ್ನ ಮಗ್ಗುಲಲ್ಲಿ ಕೂತಳು. ದಂಡೆ ಹಿಂದೆ ಸರಿಯತೊಡಗಿದಾಗ ಅವಳು ತಿರುಗಿ ದಂಡೆಯನ್ನೇ ನೋಡುತ್ತಿದ್ದುದನ್ನು ಕಂಡು, ಹೊಸ ಉಡಿದಾರದಿಂದ ಕೀಲಿಕೈಯನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ. ಅದರಿಂದ ಏನೂ ಉಪಯೋಗವಿಲ್ಲವೆಂದು ನನಗೆ ಗೊತ್ತು. ಅವಳಿಗೂ ಗೊತ್ತು. ಆಚೆ ದಂಡೆ ಮುಟ್ಟುವ ತನಕ ಅವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.