ಚಾದರದಾಚೆಯ ಸಿಗ್ನಲ್

ಎನ್.ಆರ್. ಪುರದ ಬಸ್ ನಿಲ್ದಾಣದ ಹತ್ತಿರ ಕಲ್ಲೇಶನ ಎಲೆಕ್ಟ್ರಿಕಲ್ ಅಂಗಡಿ. ಅದರ ಮೆಟ್ಟಿಲ ಮೇಲೆ ನಿಂತು ತಲೆಯೆತ್ತಿದರೆ ಎದುರು ದಿಬ್ಬದಲ್ಲಿ ಅವನ ಮನೆಯ ತಾರಸಿ ಕಾಣುತ್ತದೆ. ಇಂಟರ್ನೆಟ್ ಕೇಬಲ್ಲಿನವರು ಅಂಗಡಿಯವರೆಗೆ ಬಂದು, ದಿಬ್ಬ ಹತ್ತುವುದು ತಮ್ಮಿಂದಾಗದು ಎಂದು ಹಿಂದಿರುಗಿದ್ದರು. ಕಲ್ಲೇಶನ ಹೆಂಡತಿ ಚೇತನಾ ದಿನವೂ ಊಟದ ಕ್ಯಾರಿಯರ್ ಹಿಡಿದು ಆ ದಿಬ್ಬ ಇಳಿಯುತ್ತಾಳೆ, ತರಕಾರಿ ಚೀಲ ಹೊತ್ತು ಹತ್ತುತ್ತಾಳೆ.

ಚೇತನಾ ಬ್ಲೌಸ್ ಹೊಲಿಯುವುದರಲ್ಲಿ ಹೆಸರಾದವಳು. ಶಿವಮೊಗ್ಗದ ಒಂದು ಹೊಲಿಗೆ ತರಬೇತಿ ಕೇಂದ್ರ ಅವಳನ್ನು ಆನ್‌ಲೈನ್ ಕಟಿಂಗ್ ಕಲಿಸಲು ಕರೆದಾಗ ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಕ್ಲಾಸು. ಮನೆಯಲ್ಲಿ ಮೊಬೈಲ್ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಸಿಸಿಟಿವಿ ಕೂರಿಸುವ ಅಫ್ರೋಜ್ ವೈರ್‌ಲೆಸ್ ಬ್ರಿಡ್ಜ್ ತರಿಸಿಕೊಟ್ಟ. ಒಂದು ಜೊತೆ ಬಿಳಿ ಡಬ್ಬಿಗಳು. ಒಂದನ್ನು ಅಂಗಡಿಯ ಮೇಲೆ, ಇನ್ನೊಂದನ್ನು ತಾರಸಿಯ ಮೇಲೆ ಎದುರುಬದುರು ಕಟ್ಟಿದರೆ, ನಡುವೆ ತಂತಿಯಿಲ್ಲದೆ ಇಂಟರ್ನೆಟ್ ದಾಟುತ್ತದೆ.

ಭಾನುವಾರ ಸಂಜೆ ಅಫ್ರೋಜ್ ಅಂಗಡಿಯಲ್ಲಿ, ಉಳಿದವರು ತಾರಸಿಯಲ್ಲಿ. ಬಟ್ಟೆ ಒಣಹಾಕುವ ತಂತಿ ಕಟ್ಟಿದ ಕಬ್ಬಿಣದ ಪೈಪು ಹೇಗೂ ಇತ್ತಲ್ಲ, ಕಲ್ಲೇಶ ಡಬ್ಬಿಯನ್ನು ಅದಕ್ಕೇ ಬಿಗಿದ. ಚೇತನಾ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಸ್ಪೀಕರ್ ಹಾಕಿದ ಫೋನಿನಲ್ಲಿ ಅಫ್ರೋಜ್ ಹೇಳಿದಂತೆ ಒಂದೊಂದೇ ತುಂಬಿದಳು.

"ಅಕ್ಕಾ, ಇಲ್ಲಿಯದು ಆಕ್ಸೆಸ್ ಪಾಯಿಂಟ್. ನಿಮ್ಮದಕ್ಕೆ ಸ್ಟೇಷನ್ ಅಂತ ಹಾಕಿ. ಒಂದು ಕರೀಬೇಕು, ಇನ್ನೊಂದು ಓಗೊಡಬೇಕು."

"ಎರಡೂ ಕರೆಯಕ್ಕೆ ಹೊರಟರೆ?" ಕುರ್ಚಿಯಲ್ಲಿ ಕೂತಿದ್ದ ಅತ್ತೆ ಗಂಗಾಂಬಿಕೆ ಕೇಳಿದರು.

"ಸಂಪರ್ಕನೇ ಆಗಲ್ಲ ಅಮ್ಮಾ," ಎಂದ ಅಫ್ರೋಜ್.

"ನಮ್ಮನೇಲಿ ಕರೆಯೋರು ಇಬ್ಬರು, ಓಗೊಡೋಳು ಒಬ್ಬಳೇ. ಅದಕ್ಕೇ ಸಂಸಾರ ನಡೀತಿರೋದು," ಎಂದರು ಗಂಗಾಂಬಿಕೆ. ಮಗ ನಕ್ಕ. ಸೊಸೆ ಪಾಸ್‌ವರ್ಡ್ ಒತ್ತಿದಳು. ಡಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸಿದೊಡನೆ ಅದರ ಬೆನ್ನಿನ ಹಸಿರು ದೀಪಗಳೆಲ್ಲ ಒಟ್ಟಿಗೇ ಹತ್ತಿಕೊಂಡವು.

ಸೋಮವಾರದ ಕ್ಲಾಸಿನಲ್ಲಿ ತೋಳಿನ ಸುತ್ತು ಕತ್ತರಿಸುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತಿತು. ಪರದೆಯಲ್ಲಿ ಕತ್ತರಿ ನಿಂತಲ್ಲಿಗೇ ಕತ್ತರಿಸಬೇಕೆಂದುಕೊಂಡ ಹುಡುಗಿಯರ ಬಟ್ಟೆಗಳು ಒಂದೇ ಅಳತೆಯಲ್ಲಿ ಹಾಳಾದವು. ಮಂಗಳವಾರವೂ ಅದೇ ಕಥೆ. ಕೇಂದ್ರದ ಮೇಡಂ ನಯವಾಗಿಯೇ ಹೇಳಿದರು: "ನಾಳೆಯೂ ಹೀಗಾದ್ರೆ ಬೇರೆಯವರಿಗೆ ಕೊಡಬೇಕಾಗತ್ತೆ."

ಸಂಜೆ ಕಲ್ಲೇಶ ಬಂದು ನೋಡಿದಾಗ ಸಿಗ್ನಲ್ ಗಟ್ಟಿಯಾಗಿತ್ತು. "ಎಲ್ಲಾ ಸರಿ ಇದೆಯಲ್ಲ ಮಾರಾಯ್ತಿ! ನೀನೇ ಏನೋ ಒತ್ತಿರಬೇಕು."

ಬುಧವಾರ ಚೇತನಾ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅತ್ತ ಅಂಗಡಿಯಲ್ಲಿ ಅಫ್ರೋಜ್ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ನೋಡುತ್ತಿದ್ದ.

"ಚೆನ್ನಾಗಿದೆ ಅಕ್ಕ... ಚೆನ್ನಾಗಿದೆ... ಅರೆ, ಬಿತ್ತು! ಈಗ ಏನು ಮಾಡಿದ್ರಿ?"

"ಏನೂ ಮಾಡಿಲ್ಲಪ್ಪ."

"ಏನೋ ಮಾಡಿದೀರಿ!"

"ಬಟ್ಟೆ ಹಾಕ್ತಿದೀನಿ, ಅಷ್ಟೆ. ಚಾದರ ಹಾಕಿದೆ."

"ತೆಗೀರಿ ನೋಡೋಣ."

ತೆಗೆದಳು. ಹಸಿರು ದೀಪಗಳು ಮರಳಿ ಬಂದವು.

"ಒದ್ದೆ ಚಾದರ ಅಂದ್ರೆ ನೀರಿನ ಗೋಡೆ ಅಕ್ಕ. ಡಬ್ಬಿಗೆ ಅಂಗಡಿ ಕಾಣೋದೇ ಇಲ್ಲ."

ಆ ಚಾದರಕ್ಕೆ ಒಂದು ಕಾರಣವಿತ್ತು. ಹೆಂಗಸರ ಲಂಗ, ಒಳಉಡುಪು ಪೇಟೆಗೆ ಕಾಣಬಾರದೆಂದು ಅವನ್ನು ಒಳಗಿನ ತಂತಿಗೆ ಹಾಕಿ, ಪೇಟೆಯ ಕಡೆಯ ತಂತಿಗೆ ದಪ್ಪ ಚಾದರವೊಂದನ್ನು ಹರವುವುದು ಆ ಮನೆಯ ಕ್ರಮ. ಕೊಳೆಯಾಗಿರಲಿ, ಬಿಡಲಿ, ಒಂದನ್ನು ನೆನೆಸಲೇಬೇಕು. ಒಣಗಿದ್ದಾದರೆ ಗಾಳಿಗೆ ಹಾರುತ್ತದೆ. ಮದುವೆಯಾಗಿ ಬಂದಾಗಿನಿಂದ ಚೇತನಾ ಬರೀ ಮರೆಗೆಂದು ಹಿಂಡಿದ ಚಾದರಗಳಿಗೆ ಲೆಕ್ಕವೇ ಇಲ್ಲ. ಸಂಜೆ ಡಬ್ಬಿ ಬಿಗಿದ ಕಲ್ಲೇಶನಿಗೆ ಕಂಡದ್ದು ಖಾಲಿ ತಂತಿಗಳು ಮಾತ್ರ.

ಕ್ಲಾಸಿಗೆ ಹೆಚ್ಚು ಹೊತ್ತಿರಲಿಲ್ಲ. ಫೋನಿನಲ್ಲಿ ಈಗ ಕಲ್ಲೇಶನ ದನಿ. "ಚೇತನಾ, ಇಲ್ಲಿಂದ ಎಲ್ಲಾ ಕಾಣ್ತಿದೆ ಕಣೇ! ಚಾದರ ಹಾಕು!"

"ಹಾಕಲ್ಲ. ನನ್ನ ಕ್ಲಾಸು ಹೋಗತ್ತೆ."

"ಹಾಗಾದ್ರೆ ಲಂಗ ತೆಗೆದು ಒಳಗೆ ಒಣಗಿಸು."

"ಒಳಗೆ ಹಾಕಿದ್ರೆ ಮುಗ್ಗಲು ವಾಸನೆ. ಉಡೋಳು ನಾನು, ನೀವಲ್ಲ. ಕಾಣೋದು ಬೇಡ ಅನ್ನೋರು ಬಂದು ತೆಗೆದುಕೊಳ್ಳಲಿ. ನನಗೆ ಹೊತ್ತಾಯ್ತು." ಫೋನಿಟ್ಟಳು. ಒದ್ದೆ ಚಾದರವನ್ನು ಮತ್ತೆ ಬಕೆಟ್ಟಿಗೆ ತುರುಕಿ ಕೆಳಗಿಳಿದಳು.

ಗಂಗಾಂಬಿಕೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಚೇತನಾ ಬೈಗುಳಕ್ಕೆ ಸಿದ್ಧಳಾದಳು. ಆದರೆ ಅತ್ತೆ ಅಂದರು, "ನಾನೂ ಚಾದರ ಹಿಂಡಿ ಹಿಂಡಿ ಕೈಗಂಟು ನೋವು ಮಾಡ್ಕೊಂಡೆ. ಕಂಡರೆ ಕಾಣಲಿ. ಪೇಟೆಯೋರ ಮನೇಲಿ ಯಾರೂ ಲಂಗ ಉಡಲ್ವಾ? ಹೋಗು, ಕೂತ್ಕೋ."

ಪಾಠ ಶುರುವಾಯಿತು. ಬೆನ್ನು, ಎದೆ, ಕುತ್ತಿಗೆ ದಾಟಿ ತೋಳಿನ ಸುತ್ತಿಗೆ ಬರುವಾಗ ತಾರಸಿಯಲ್ಲಿ ದಡದಡ ಹೆಜ್ಜೆ ಕೇಳಿಸಿತು. ದಿಬ್ಬ ಓಡಿ ಹತ್ತಿದವನ ಏದುಸಿರೂ ಕೇಳಿಸಿತು.

"ಚೇತನಾ! ಇವನ್ನೆಲ್ಲಾ ಎಲ್ಲಿ ಹಾಕ್ಲಿ?"

"ಅವಳು ಪಾಠದಲ್ಲಿದಾಳೆ ಮಾರಾಯ," ಗಂಗಾಂಬಿಕೆ ಕೆಳಗಿನಿಂದಲೇ ಕೂಗಿದರು. "ಹಿತ್ತಲ ಕಡೆ ತಂತಿ ಕಟ್ಟು. ಅಂಗಡಿ ತುಂಬ ತಂತಿನೇ ಅಲ್ವಾ ಇರೋದು! ಲಂಗ ಕೊಡವಿ ಹಾಕು, ಮುದ್ದೆ ಮಾಡಬೇಡ. ಹೆಗಲ ಮೇಲೆ ಹಾಕ್ಕೊಂಡು ಅಲ್ಲೇ ನಿಂತಿರಬೇಡ, ಪೇಟೆಗೆ ಕಾಣತ್ತೆ."

ಚೇತನಾ ನಗು ನುಂಗಿ ಬಟ್ಟೆಯ ಮೇಲೆ ಕತ್ತರಿಯಿಟ್ಟು ಪರದೆ ನೋಡಿದಳು. "ಕಾಣ್ತಿದೆಯಾ?"

"ಕಾಣ್ತಿದೆ ಮೇಡಂ, ಮುಂದೆ ಹೇಳಿ," ಎಂದರು ಹುಡುಗಿಯರು.