ಮುಟ್ಬೇಡಿ ಅಕ್ಕ

ಪ್ರಯೋಗಾಲಯದಲ್ಲಿ ಅವಳಿಗೆ ‘ಮುಟ್ಬೇಡಿ ಅಕ್ಕ’ ಎಂದೇ ಅಡ್ಡಹೆಸರು. ಹೊಸಬರು ಹೊಸ್ತಿಲು ದಾಟುವ ಮೊದಲೇ ಅವಳ ಬಾಯಿಂದ ಆ ಮಾತು ಬಂದಿರುತ್ತಿತ್ತು. ಅದಕ್ಕೆ ತಕ್ಕ ಕಾರಣವೂ ಇತ್ತು. ಜೀವಕೋಶದೊಳಗೆ ಡಿಎನ್‌ಎ ಮೂಲಪ್ರತಿ. ಪ್ರೋಟೀನುಗಳು ಅದನ್ನು ಹಿಡಿದು ಓದಿ ಆರ್‌ಎನ್‌ಎ ಎಂಬ ನಕಲು ತೆಗೆಯುತ್ತವೆ. ಕೆಲಸ ಮುಗಿದ ನಕಲನ್ನು ಕತ್ತರಿಸಿ ಹಾಕುವುದಕ್ಕೂ ಪ್ರೋಟೀನುಗಳೇ ಇವೆ. ಅಂಥ ಕತ್ತರಿಗಳು ನಮ್ಮ ಬೆವರಿನಲ್ಲೂ ಎಂಜಲಿನಲ್ಲೂ ಕಣ್ಣೀರಿನಲ್ಲೂ ಇವೆ. ಬರಿಗೈ ತಾಗಿದರೆ ನಕಲು ನುಚ್ಚುನೂರು. ಈ ಕೆಲಸದಲ್ಲಿ ಕೈಗುಣವೆಂದರೆ ಕೈಯೇ ಇಲ್ಲದಂತಿರುವುದು.

ಅವತ್ತು ಮಂಜುಗಡ್ಡೆಯ ಡಬ್ಬದಲ್ಲಿ ಬಂದ ನಳಿಕೆಯೊಳಗೆ ಸಾಸಿವೆ ಕಾಳಿನಷ್ಟಿದ್ದದ್ದು ಅವಳ ತಂಗಿಯ ಕುತ್ತಿಗೆಯ ಗೆಡ್ಡೆಯ ಚೂರು. ಅಲ್ಲಿ ಯಾವ ನಕಲು ಅತಿಯಾಗಿದೆಯೆಂದು ತಿಳಿದರೆ ಮಾತ್ರ ಯಾವ ಔಷಧಿಯೆಂದು ಹೇಳಬಹುದು. ಪಕ್ಕದಲ್ಲೇ ದೊಡ್ಡ ರಕ್ತನಾಳ. ಇನ್ನೊಮ್ಮೆ ಚೂರು ತೆಗೆಯಲಾಗದು ಎಂದು ಶಸ್ತ್ರವೈದ್ಯರು ಕಡ್ಡಿ ತುಂಡುಮಾಡಿದಂತೆ ಹೇಳಿದ್ದರು.

“ಬೇರೆಯವರ ಕೈಲಿ ಮಾಡಿಸ್ಲಾ?” ಎಂದು ಮುಖ್ಯಸ್ಥರು ಕೇಳಿದರು.

“ಬೇಡ ಸರ್. ಬೇರೆಯವ್ರು ಮಾಡಿದ್ರೆ ನಾನು ಬಾಗಿಲಲ್ಲಿ ನಿಂತು ಅವ್ರ ಪ್ರಾಣ ತಿಂತೀನಿ.”

ಹಾಗೆಂದು ಕೈಗವಸು ತೊಟ್ಟು ಕೂತಳು. ಚೂರನ್ನು ಅರೆದು, ದ್ರಾವಣ ಹಾಕಿ, ಪ್ರೋಟೀನುಗಳನ್ನು ಬೇರೆ ಮಾಡಿ, ತಿಳಿಯನ್ನು ಹೊಸ ನಳಿಕೆಗೆ ದಾಟಿಸುವಾಗ ಬೇಡವೆಂದರೂ ನೆನಪಾಯಿತು: ಚಿಕ್ಕಂದಿನಲ್ಲಿ ಈ ತಂಗಿ ಕತ್ತಲೆಗೆ ಹೆದರಿ ಅಕ್ಕನ ಕಿರುಬೆರಳು ಹಿಡಿದೇ ಮಲಗುತ್ತಿದ್ದಳು. ಕಣ್ಣು ತುಂಬಿತು. ನಳಿಕೆಯ ಮುಚ್ಚಳ ತೆರೆದಿತ್ತು. ಒರೆಸಿಕೊಳ್ಳುವಂತಿಲ್ಲ. ಕತ್ತು ಹಿಂದಕ್ಕೆಳೆಯುವಷ್ಟರಲ್ಲಿ ಒಂದು ಹನಿ ಉದುರಿಯೇಬಿಟ್ಟಿತು. ಬಿದ್ದದ್ದು ಕೈಗವಸಿನ ಮೇಲೆ, ನಳಿಕೆಯ ಬಾಯಿಗೆ ಬೆರಳಗಲ ದೂರದಲ್ಲಿ. ಒಳಕ್ಕೆ ಸಿಡಿಯಿತೋ ಇಲ್ಲವೋ, ದೇವರಿಗೇ ಗೊತ್ತು.

ಮುಚ್ಚಳ ಹಾಕಿದಳು, ಗವಸು ಬದಲಿಸಿದಳು, ತನಗೆ ತಾನೇ ಹಿಡಿಶಾಪ ಹಾಕಿಕೊಳ್ಳುತ್ತ ಕೆಲಸ ಮುಂದುವರಿಸಿದಳು. ಕೊನೆಗೆ ಒಂದು ತೊಟ್ಟನ್ನು ಪರೀಕ್ಷೆಗೆ ಹಚ್ಚಿದಳು. ಆರ್‌ಎನ್‌ಎ ಇಡಿಯಾಗಿದ್ದರೆ ಪರದೆಯ ಮೇಲೆ ಎರಡು ಗೆರೆ ಸ್ಪಷ್ಟವಾಗಿ ಮೂಡಬೇಕು. ಚೂರಾಗಿದ್ದರೆ ಬರೀ ಮಸುಕು. ಪರದೆ ಕಪ್ಪಾಗಿಯೇ ಇತ್ತು.

ಒಂದು ಗೆರೆ ಮೂಡಿತು. ಅದರ ಕೆಳಗೆ, ಜೀವ ಹಿಂಡುವಷ್ಟು ತಡವಾಗಿ, ಇನ್ನೊಂದು.

ಔಷಧಿಯ ಮಾತು ಇನ್ನೂ ದೂರವಿತ್ತು. ಆದರೆ ದಾರಿ ಮುಚ್ಚಿಹೋಗಿರಲಿಲ್ಲ. ಗವಸು ಕಿತ್ತೆಸೆದು ಹೊರಗೆ ಓಡಿದಳು. ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ ತಂಗಿ ಅಕ್ಕನ ಮುಖ ನೋಡಿದವಳೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

“ಈಗ ಮುಟ್ಬಹುದೇನೇ ಅಕ್ಕಾ?”

ಅಕ್ಕ ಬೆವರಿದ ಬರಿಗೈ ಚಾಚಿದಳು. ತಂಗಿ ಕಿರುಬೆರಳನ್ನಷ್ಟೇ ಹಿಡಿದಳು. ಅಕ್ಕ ಈಗ ತಡೆಯದೆ ಅತ್ತಳು.