ಅರ್ಧ ಮುಖದ ದಿನಗಳು

ಪಕ್ಕದ ಮನೆಯ ಪುಟ್ಟಸ್ವಾಮಿ ಮೊನ್ನೆ ಬೆಳಿಗ್ಗೆ ತಮ್ಮ ಹಸುವಿನ ಕಿವಿಯಿಂದ ಉಣ್ಣೆ ಕೀಳುತ್ತ, ಕಿತ್ತ ಜಾಗಕ್ಕೆ ಬೇವಿನೆಣ್ಣೆ ಸವರುತ್ತಿದ್ದರು. ಗೋಡೆ ದಾಟಿ ಬಂದ ಆ ಕಹಿ ವಾಸನೆಗೆ ನನ್ನ ಕೈ ತಾನಾಗಿಯೇ ಎಡಗೆನ್ನೆಗೆ ಹೋಯಿತು. ಉಣ್ಣೆ ನಿಮಗೂ ಗೊತ್ತಿರುತ್ತದೆ: ದನದ ಮೈಗೆ ಕಚ್ಚಿಕೊಂಡು, ರಕ್ತ ಕುಡಿದು, ಹರಳುಬೀಜದಂತೆ ಊದಿಕೊಳ್ಳುವ ಹುಳು. ಅದು ಕಚ್ಚುವುದು ದನಕ್ಕೆ ಮಾತ್ರ ಎಂದು ಒಂದು ಕಾಲದಲ್ಲಿ ನಾನೂ ನಂಬಿದ್ದೆ.

ನಾನು ಅಕ್ಕಿಹೆಬ್ಬಾಳಿನ ಶಾಲೆಯೊಂದರಲ್ಲಿ ಪೀಟಿ ಮೇಷ್ಟ್ರು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವುದನ್ನು ಊರಿನವರು ಬಿಟ್ಟು ಬಹಳ ದಿನವಾಯಿತು. ಪೀಟಿ ಮೇಷ್ಟ್ರ ಆಸ್ತಿ ಎಂದರೆ ಕೊರಳಿನ ಸೀಟಿ. ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸಲು ಸೀಟಿ ಬಾಯಿಗಿಟ್ಟು ಊದಿದೆ. ಸದ್ದು ಬರಲಿಲ್ಲ. ಗಾಳಿಯೆಲ್ಲ ಎಡತುಟಿಯ ಸಂದಿಯಿಂದ ಪುಸಕ್ಕನೆ ಹೋಯಿತು. ಮಕ್ಕಳು ನಕ್ಕರು. ನಾನೂ ನಕ್ಕೆ. ನಕ್ಕದ್ದು ಬಲಗಡೆ ಮಾತ್ರ ಎಂದು ತಿಳಿದದ್ದು ಸ್ಟಾಫ್ ರೂಮಿನ ಕನ್ನಡಿಯಲ್ಲಿ.

ಎಡಗಣ್ಣು ಮುಚ್ಚುತ್ತಿರಲಿಲ್ಲ, ಸುಮ್ಮನೆ ನೀರು ಸುರಿಸುತ್ತಿತ್ತು. ಕುಡಿದ ಕಾಫಿ ಅಂಗಿಯ ಮೇಲಿಳಿಯುತ್ತಿತ್ತು. ಪುಟ್ಟಸ್ವಾಮಿ ನೋಡಿದವರೇ ತೀರ್ಪು ಕೊಟ್ಟರು: "ಮೇಷ್ಟ್ರೇ, ಇದು ಲಕ್ವಾನೇ ಕಣ್ರೀ. ಪಾರಿವಾಳದ ರಕ್ತ ಉಜ್ಜುಬುಡಿ, ಸರೋಯ್ತದೆ." ಪೇಟೆಯ ಡಾಕ್ಟರು, ನರ ಊದಿಕೊಂಡಿದೆ, ತಾನಾಗಿ ಇಳಿಯುತ್ತದೆ ಎಂದು ಮಾತ್ರೆ ಬರೆದರು. ಇಳಿಯಲಿಲ್ಲ. ಬದಲಿಗೆ ಬೆನ್ನಿನಲ್ಲಿ ಕೆಂಡ ಸವರಿದಂಥ ಉರಿ ಶುರುವಾಯಿತು. ಬೆರಳುಗಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕುವುದೇ ಒಂದು ವ್ಯಾಯಾಮವಾಯಿತು. ತಲೆಯ ಸ್ಕ್ಯಾನ್ ಮಾಡಿದರೆ ಎಲ್ಲ ಸರಿಯಿದೆ ಎಂದು ಬಂತು. "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ ಮೇಷ್ಟ್ರೇ" ಎಂದರು ಡಾಕ್ಟರು.

ಹೆಸರಿಲ್ಲದ ಕಾಯಿಲೆ ಮನುಷ್ಯನನ್ನು ಎಷ್ಟು ಒಂಟಿ ಮಾಡುತ್ತದೆ ಎಂಬುದು ನನಗೆ ಆಗ ತಿಳಿಯಿತು. ಜ್ವರ ಎಂದರೆ ಜನ ಗಂಜಿ ತರುತ್ತಾರೆ. ಏನೋ ಒಂದು ಎಂದರೆ ಏನು ತಂದಾರು? ಮಾತಾಡಿಸಿದವರೆಲ್ಲ ನನ್ನ ಕಿವಿಯನ್ನೋ ಹೆಗಲನ್ನೋ ನೋಡಿ ಮಾತಾಡುತ್ತಿದ್ದರು. ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಊಟಕ್ಕೆ ಯಾರಾದರೂ ಕರೆದರೂ ಹೋಗುವುದನ್ನು ಬಿಟ್ಟೆ. ಅನ್ನ ತುಟಿಯಿಂದ ಜಾರುವುದನ್ನು ನನ್ನ ಮನೆಯ ಗೋಡೆ ನೋಡಿದರೆ ಸಾಕಿತ್ತು.

ಮೈಸೂರಿನ ಆಸ್ಪತ್ರೆಯ ನರರೋಗದ ಡಾಕ್ಟರಮ್ಮ ಮಾತ್ರ ಬೇರೆಯದೇ ಪ್ರಶ್ನೆ ಕೇಳಿದರು. "ಕಾಡಿನ ಕಡೆ ಹೋಗಿದ್ರಾ? ಏನಾದ್ರೂ ಹುಳ ಕಚ್ಚಿತ್ತಾ?" ಹೋಗಿದ್ದೆ. ಮಕ್ಕಳ ಸ್ಕೌಟ್ ಶಿಬಿರಕ್ಕೆ ಕಾಡಂಚಿನಲ್ಲಿ ಡೇರೆ ಹಾಕಿದ್ದೆವು. ಮಂಡಿಯ ಹಿಂದೆ ಕಚ್ಚಿದ್ದ ಉಣ್ಣೆಯನ್ನು ಕಿತ್ತೆಸೆದು ಮರೆತಿದ್ದೆ. ಆಮೇಲೆ ಅಲ್ಲಿ ಕೆಂಪನೆಯ ಬಳೆಯಂಥ ಗುರುತು ಮೂಡಿ, ಅಗಲವಾಗುತ್ತ ಹೋಗಿ, ಮಾಯವಾಗಿತ್ತು. ಹುಳುಕಡ್ಡಿ ಅಂದುಕೊಂಡಿದ್ದೆ.

"ಉಣ್ಣೆ ಕಚ್ಚಿ ಬರೋ ಲೈಮ್ ಅಂತ ಒಂದು ಕಾಯಿಲೆ. ನಮ್ಮ ಕಡೆ ಅಪರೂಪ. ಆದರೆ ಪರೀಕ್ಷೆ ಮಾಡದೆ ಬಿಡೋದು ಬೇಡ" ಎಂದರು. ಊರಿಗೆ ಬಂದು ಹೇಳಿದರೆ ಪುಟ್ಟಸ್ವಾಮಿ, "ನಿಂಬೆಹಣ್ಣಿನ ಕಾಯ್ಲೆಯಾ? ಅಂಗಾದ್ರೆ ನಿಂಬೆಹಣ್ಣೇ ನಿವಾಳಿಸ್ಬುಡನ ಬನ್ನಿ" ಎಂದರು. ಎಷ್ಟೋ ದಿನದ ಮೇಲೆ ನಾನು ಅರ್ಧ ಮುಖದಲ್ಲೇ ಜೋರಾಗಿ ನಕ್ಕೆ.

ರಕ್ತ ಪರೀಕ್ಷೆ ಲೈಮ್ ಇರಬಹುದೆಂದೇ ತೋರಿಸಿತು. ಆದರೆ ಆ ಮೊದಲ ಪರೀಕ್ಷೆ ಒಮ್ಮೊಮ್ಮೆ ಸುಳ್ಳು ಹೇಳುವುದೂ ಉಂಟಂತೆ. ಅದಕ್ಕೇ ಇನ್ನೊಂದು ಬಗೆಯ ರಕ್ತ ಪರೀಕ್ಷೆ, ಜೊತೆಗೆ ಬೆನ್ನುಮೂಳೆಯ ಸಂದಿಯಿಂದ ನೀರು ತೆಗೆದು ನೋಡಬೇಕು ಎಂದರು. "ಅವತ್ತು ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ." ಆ ದಿನ ಬೆಳಿಗ್ಗೆ ಪಾಂಡವಪುರದಲ್ಲಿರುವ ಅಣ್ಣನಿಗೆ ಫೋನು ಮಾಡಿದೆ. "ಕಬ್ಬು ಕಡಿಯೋರು ಬಂದ್ಬುಟ್ಟವ್ರೆ ಕಣ್ಲಾ. ಇವತ್ತು ಬುಟ್ರೆ ಮತ್ತೆ ಸಿಕ್ಕಲ್ಲ. ನಾಳೀಕ್ ಹಾಕ್ಕೊಳಕ್ ಆಗಕಿಲ್ವಾ?" ಆಗುವುದಿಲ್ಲ ಎಂದೆ. ಒಬ್ಬನೇ ರೈಲು ಹತ್ತಿದೆ. ಮೈಸೂರಿಗೆ ಮುಂಚಿನ ಬೆಳಗೊಳ ದಾಟುವವರೆಗೂ ಟವೆಲಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದೆ.

"ಜೊತೆಗೆ ಯಾರು?" ಎಂದು ನರ್ಸಮ್ಮ ಕೇಳಿದಾಗ ಒಬ್ಬನೇ ಬಂದಿದ್ದೇನೆ ಎಂದೆ. ಬೆಂಚಿನ ತುದಿಯಲ್ಲಿ ಎಲೆಯಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸೊಬ್ಬರು ಎದ್ದು ಬಂದರು. "ನಾನೇ ಕಣವ್ವ. ಏನ್ ಮಾಡ್ಬೇಕು ಯೋಳು."

ಅವರ ಹೆಸರು ಜವರಮ್ಮ, ನಾಗಮಂಗಲದ ಕಡೆಯ ಹಳ್ಳಿಯವರು. ಗಂಡ ಅದೇ ವಾರ್ಡಿನಲ್ಲಿ ಮಾತು ನಿಂತು ಮಲಗಿದ್ದರು. ಸೂಜಿ ಚುಚ್ಚುವಾಗ ನಾನು ಮಂಡಿ ಮಡಚಿಕೊಂಡು ಕೂಸಿನಂತೆ ಮಲಗಬೇಕಿತ್ತು. ಜವರಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಮುಗಿದ ಮೇಲೆ ಅಲುಗಾಡದೆ ಮಲಗಿರುವಾಗ ಪಕ್ಕದಲ್ಲಿ ಕೂತು, ನನ್ನ ಮುಖವನ್ನು ಹೊಲ ನೋಡುವ ಹಾಗೆ ನೇರವಾಗಿ, ಸಾವಧಾನವಾಗಿ ನೋಡಿದರು. ಎಡಗಣ್ಣಿನ ನೀರನ್ನು ಸೆರಗಿನಿಂದ ಒರೆಸಿದರು.

"ಒಂದ್ ಕಣ್ಣು ಅಳ್ತಾದೆ, ಒಂದ್ ಕಣ್ಣು ಸುಮ್ಗದೆ. ಯಾವುದ್ನ ನಂಬ್ಲಿ ಮಗ?"

ಆಗ ಸುಮ್ಮನಿದ್ದ ಕಣ್ಣೂ ಅತ್ತಿತು.

ಕಾಯಿಲೆ ಲೈಮೇ ಎಂದು ಖಾತ್ರಿಯಾಯಿತು. ಹೆಸರು ಸಿಕ್ಕಿದ ದಿನ ನನಗೆ ಆದ ಸಂತೋಷ ಕಂಡು ಡಾಕ್ಟರಮ್ಮನೇ ಬೆರಗಾದರು. ವಾರಗಟ್ಟಲೆ ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟರು. ಉರಿ ತಗ್ಗಿತು, ತಿಂಗಳುಗಳ ಮೇಲೆ ತುಟಿ ಕೂಡಿತು. ಬೆರಳ ತುದಿಯ ಜೋಮು ಮಾತ್ರ ಇನ್ನೂ ಸ್ವಲ್ಪ ಉಳಿದಿದೆ. ಜವರಮ್ಮ ಅಷ್ಟರಲ್ಲಿ ಗಂಡನನ್ನು ಊರಿಗೆ ಕರೆದೊಯ್ದಿದ್ದರು.

ಬೇವಿನೆಣ್ಣೆಯ ವಾಸನೆ ಬಂದ ಆ ವಾರವೇ, ಭಾನುವಾರ, ನಾಗಮಂಗಲದ ಬಸ್ಸು ಹತ್ತಿದೆ. ಅವರು ಹೇಳಿದ್ದ ಊರಿನ ಹೆಸರು ನೆನಪಿತ್ತು. ಕೇಳಿಕೊಂಡು ಹೋದಾಗ ಜವರಮ್ಮ ಮಗಳ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಗುರುತು ಹೇಳಿದೆ. ಬಹಳ ಹೊತ್ತು ನೋಡಿ ಅಡ್ಡಡ್ಡ ತಲೆಯಾಡಿಸಿದರು.

"ಇಲ್ಲ ಕಣಪ್ಪ. ಆ ಮೇಷ್ಟ್ರು ಬಾಯಿ ಸೊಟ್ಟಗಿತ್ತು. ನೀ ಯಾರೋ ಬ್ಯಾರೆ."

ಎಡತುಟಿಯನ್ನು ಬೆರಳಿನಿಂದ ಕೆಳಗೆಳೆದು ನಿಂತೆ.

"ಅಯ್ಯೋ, ನೀನಾ ಮಗ!" ಅವರೆಕಾಯಿ ಜಗಲಿಯ ತುಂಬ ಚೆಲ್ಲಿತು. ನನ್ನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. "ನಮ್ಮೆಜಮಾನ್ರಿಗೆ ಮಾತು ಬರ್ನೇ ಇಲ್ಲ ಕಣಪ್ಪ. ಅಂಗೇ ಹೋಗ್ಬುಟ್ರು" ಎಂದರು. ಆಮೇಲೆ ಇಬ್ಬರೂ ಚೆಲ್ಲಿದ ಕಾಯಿ ಆಯ್ದೆವು.

ಮಗಳು ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಅವರೆಲ್ಲರ ನಡುವೆ ಕೂತೆ. ಸಾರು ಗಲ್ಲದ ಮೇಲೆ ಇಳಿಯಿತು, ಈ ಸಲ ಆತುರಕ್ಕೆ. ನಾನು ಹಿಂದಿರುಗಬೇಕಿದ್ದ ಬಸ್ಸು ಊರಬಾಗಿಲಲ್ಲಿ ಎರಡು ಸಲ ಹಾರನ್ ಹೊಡೆಯಿತು. ಇನ್ನೊಂದು ಮುದ್ದೆಗೆ ತಟ್ಟೆ ಮುಂದೆ ಮಾಡಿದೆ.